ಮೂಸಿ ನೋಡಿದ ಕೈ

ಆ ವಾಸನೆ ಇನ್ನೂ ಮೂಗಿನಲ್ಲೇ ಇತ್ತು. ಬೆಳಿಗ್ಗೆ ಎದ್ದು ಮುಖ ತೊಳೆದಳು, ಕ್ಯಾಂಟೀನಿನ ಕಡುಚಹಾ ಕುಡಿದಳು, ಗಂಡನ ತಲೆದಿಂಬಿನ ಕವರು ಬದಲಾಯಿಸಿದಳು. ಏನು ಮಾಡಿದರೂ ಸ್ಪಿರಿಟ್ಟಿನ ಆ ತಣ್ಣನೆಯ ವಾಸನೆ, ಅದರಡಿಯಲ್ಲಿ ಒಂದಿಷ್ಟು ಒಳ್ಳೆಯ ಸೋಪಿನದು, ಅದರಡಿಯಲ್ಲಿ ಗಂಡಸಿನ ಅಂಗೈಯ ಬೆಚ್ಚನೆಯದು, ಹೀಗೆ ಪದರ ಪದರವಾಗಿ ಮೂಗಿನ ಬುಡದಲ್ಲಿ ಕೂತುಬಿಟ್ಟಿತ್ತು. ಮಗಳನ್ನು ಮದುವೆ ಮಾಡಿ ಕಳಿಸಿದ ಹೆಂಗಸು ತಾನು, ಒಬ್ಬ ಪರಗಂಡಸಿನ ಕೈಯನ್ನು ಇಡೀ ವಾರ್ಡಿನ ಕಣ್ಣೆದುರು ಬಗ್ಗಿ ಮೂಸಿದೆನಲ್ಲ. ಮೂಸು ಅಂದರೆ ಮೂಸಿಬಿಡುವುದೇ, ನಾಯಿಯಾದರೂ ಒಂದು ಗಳಿಗೆ ಯೋಚನೆ ಮಾಡುತ್ತದೆ. ನಿನ್ನೆ ದೊಡ್ಡ ಡಾಕ್ಟರು ರೌಂಡ್ಸಿಗೆ ಬಂದು ಗಂಡನ ಹೊಟ್ಟೆಯ ಪಟ್ಟಿಗೆ ಇನ್ನೇನು ಕೈ ಹಾಕಬೇಕು, ಇವಳ ಬಾಯಿಂದ ಬಂದೇಬಿಟ್ಟಿತು: "ಡಾಕ್ಟ್ರೇ, ಕೈ ತೊಳೆದಿರಾ?" ಅವರ ಕೈ ಗಾಳಿಯಲ್ಲೇ ನಿಂತಿತು. ಹಿಂದಿದ್ದ ಕಿರಿಯ ಡಾಕ್ಟರುಗಳ ಪಿಸುಮಾತು ನಿಂತಿತು. ಮೂಲೆಯ ಹಾಸಿಗೆಯಲ್ಲಿ ಯಾರದೋ ಚಮಚದ ಸದ್ದು ಕೂಡ ನಿಂತಿತು. ಡಾಕ್ಟರು ಸಿಟ್ಟು ಮಾಡಲಿಲ್ಲ, ನಕ್ಕರು. "ಬಾಗಿಲಲ್ಲೇ ತೊಳ್ಕೊಂಡು ಬಂದೆ ತಾಯಿ. ನಂಬಿಕೆ ಇಲ್ದಿದ್ರೆ ಮೂಸಿ ನೋಡಿ" ಎಂದು ಎರಡೂ ಅಂಗೈ ಇವಳ ಮುಖದ ಮುಂದೆ ಚಾಚಿದರು. ಅದು ಬರೀ ಮಾತಿಗೆ ಚಾಚಿದ್ದು, ಎಲ್ಲರಿಗೂ ಗೊತ್ತಿತ್ತು, ಇವಳೊಬ್ಬಳಿಗೆ ಬಿಟ್ಟು. ಇವಳು ಬಗ್ಗಿ ಮೂಸಿದಳು. ತೊಳೆದಿದ್ದರು. ತೊಳೆದೇ ಬಂದಿದ್ದರು. ವಾರ್ಡಿಗೆ ವಾರ್ಡೇ ನಕ್ಕಿತು. ಪಕ್ಕದ ಹಾಸಿಗೆಯ ಮೇಷ್ಟ್ರಂತೂ ಹೊಲಿಗೆ ಬಿಚ್ಚಿಕೊಂಡೀತೆಂದು ಹೊಟ್ಟೆಯನ್ನು ಎರಡೂ ಕೈಯಿಂದ ಅದುಮಿ ಹಿಡಿದು ನಕ್ಕರು.

ಅವಳಾಗಿ ಹುಟ್ಟಿಸಿಕೊಂಡ ಮಾತಲ್ಲ ಅದು. ಗಂಡನ ತಲೆಯ ಮೇಲೆ, ಗೋಡೆಯಲ್ಲಿ, ಹೊಳೆಯುವ ಹಾಳೆಯ ದೊಡ್ಡ ಬೋರ್ಡು ಇತ್ತು. ನೊರೆ ತುಂಬಿದ ಎರಡು ಕೈಗಳ ಚಿತ್ರ. ಕೆಳಗೆ ನೀಲಿ ಅಕ್ಷರದಲ್ಲಿ: ನಿಮ್ಮನ್ನು ಮುಟ್ಟುವ ಮುನ್ನ ನಾವು ಕೈ ತೊಳೆದಿದ್ದೇವೆಯೇ? ದಯವಿಟ್ಟು ಕೇಳಿ. ಕೇಳುವುದು ನಿಮ್ಮ ಹಕ್ಕು. ಚಿಕ್ಕಂದಿನಲ್ಲೇ ಓದು ಕಲಿತವರು ಗೋಡೆಯ ಮೇಲಿನದನ್ನು ಓದುವುದಿಲ್ಲ, ಕಣ್ಣು ಹಾಯಿಸಿ ಮುಂದೆ ಹೋಗುತ್ತಾರೆ. ಅವಳು ಕಲಿತದ್ದು ತಡವಾಗಿ, ತಲೆಗೂದಲು ಅಲ್ಲಲ್ಲಿ ಬೆಳ್ಳಗಾದ ಮೇಲೆ, ಬಟ್ಟೆ ಕಾರ್ಖಾನೆಯ ಪಾಳಿ ಮುಗಿಸಿ ಸಂಜೆಯ ಶಾಲೆಯಲ್ಲಿ ತೂಕಡಿಸುತ್ತ. ಕಷ್ಟಪಟ್ಟು ಕೂಡಿಸಿ ಓದಿದ್ದರ ಮೇಲೆ ಅವಳಿಗೆ ಒಂದು ಭಯಭಕ್ತಿ. ಯಾರೋ ಕೂತು ಯೋಚಿಸಿ, ಬರೆಸಿ, ಮೊಳೆ ಹೊಡೆದು ತೂಗುಹಾಕಿದ್ದಾರೆ ಎಂದ ಮೇಲೆ ಅದು ಸುಮ್ಮನೆ ಇರಲಿಕ್ಕಿಲ್ಲ. ಕೇಳಿ ಅಂದರೆ ಕೇಳಬೇಕು. ಎಳೆಯಿರಿ ಎಂದು ಬರೆದ ಬಾಗಿಲನ್ನು ಎಳೆಯುವುದಿಲ್ಲವೇ, ಹಾಗೆ.

ಗಂಡ ನಿನ್ನೆಯಿಂದ ಗೋಡೆಯ ಕಡೆಗೆ ತಿರುಗಿದವನು ಈ ಕಡೆ ತಿರುಗಿರಲಿಲ್ಲ. ಬಸ್ಸು ಓಡಿಸಿ ನಿವೃತ್ತನಾದ ಮನುಷ್ಯ, ಮಾತಿಗೆ ಬರಗಾಲವಿಲ್ಲದವನು. ಆಸ್ಪತ್ರೆಗೆ ಸೇರಿದ ದಿನದಿಂದ ಎಲ್ಲರಿಗೂ ಹೆಸರಿಟ್ಟಿದ್ದ. ದೊಡ್ಡ ಡಾಕ್ಟರು ಎಕ್ಸ್‌ಪ್ರೆಸ್, ಯಾವ ಸ್ಟಾಪಿನಲ್ಲೂ ಸರಿಯಾಗಿ ನಿಲ್ಲುವುದಿಲ್ಲ ಅಂತ. ಸದಾ ಕಣ್ಣು ಪಿಳಿಪಿಳಿ ಮಾಡುವ ನರ್ಸು ಇಂಡಿಕೇಟರ್ ಸಿಸ್ಟರ್. ಆಡಳಿತದ ಕಡೆಯಿಂದ ಫೈಲು ಹಿಡಿದು ಆಗಾಗ ಬಂದು ಹೋಗುವ ಹೆಂಗಸು ಚೆಕಿಂಗ್ ಮೇಡಂ. ಈಗ ವಾರ್ಡಿನವರು ಅವನ ಹೆಂಡತಿಗೇ ಹೆಸರಿಟ್ಟಿದ್ದರು, ಸೋಪಮ್ಮ. ಕಸ ಗುಡಿಸುವವಳೂ ಬೆಳಿಗ್ಗೆ "ಸೋಪಮ್ಮಾ, ಕಾಲೆತ್ತಿ" ಎಂದಿದ್ದಳು. ಅವನ ಬೆನ್ನಿನ ಮೂಳೆಗಳು ಆಸ್ಪತ್ರೆಯ ತೆಳು ಅಂಗಿಯೊಳಗೆ ಒಂದೊಂದಾಗಿ ಕಾಣುತ್ತಿದ್ದವು. ಕರುಳಿನ ಆಪರೇಶನ್ನು ಚೆನ್ನಾಗಿಯೇ ಆಗಿತ್ತು, ಎಲ್ಲರೂ ಹಾಗೇ ಹೇಳಿದ್ದರು, ಮನೆಗೆ ಹೋಗುವ ದಿನವೂ ಗೊತ್ತಾಗಿತ್ತು. ಆಮೇಲೆ ಜ್ವರ, ಆಮೇಲೆ ಪಟ್ಟಿಯ ಅಂಚಿನಲ್ಲಿ ಹಳದಿ ಕಲೆ, ಆಮೇಲೆ ಅದೇ ಹೊಟ್ಟೆಯನ್ನು ಮತ್ತೆ ಬಿಚ್ಚಿ ಕೀವು ತೊಳೆದರು. ಹೊಲಿಯದೆ ಬಿಟ್ಟಿದ್ದಾರೆ, ಒಳಗಿನಿಂದ ತಾನಾಗಿ ಕೂಡಿಬರಬೇಕಂತೆ. ಇನ್ನೊಂದು ಸಲ ಕೀವಾಗಿ ರಕ್ತಕ್ಕೆ ಸೇರಿದರೆ ಈ ದೇಹ ತಡೆಯಲಿಕ್ಕಿಲ್ಲ ಎಂದು ಕಿರಿಯ ಡಾಕ್ಟರೊಬ್ಬ ಅವಳನ್ನು ಕಾರಿಡಾರಿಗೆ ಕರೆದು ಹೇಳಿದ್ದ. ಎಲ್ಲಿಂದ ಬಂತು ಅದು, ಎಂದು ಕೇಳಿದ್ದಕ್ಕೆ ಅವನು, ಎಲ್ಲಿಂದ ಬೇಕಾದ್ರೂ ಬರಬಹುದು ಅಮ್ಮ, ಗಾಳಿ, ಬಟ್ಟೆ, ಕೈ, ಎಂದು ಬೆರಳು ಮಡಚಿದ್ದ. ಗಾಳಿಯನ್ನು ಅವಳು ಏನು ಮಾಡಲಾಗುತ್ತದೆ? ಬಟ್ಟೆಯನ್ನು ಮನೆಯಲ್ಲಿ ಕುದಿಸಿ ತಂದಳು. ಉಳಿದದ್ದು ಕೈ.

"ರೀ, ಒಂದು ಗುಟುಕು ನೀರು ಕುಡೀರಿ."

ಬೆನ್ನು ಮಾತಾಡಿತು. "ಇವತ್ತೂ ಕೇಳ್ತೀಯಾ?"

"ಏನನ್ನ?"

"ಗೊತ್ತಿಲ್ದೋರ ತರ ಆಡ್ಬೇಡ ಕಣೇ. ಕೈ ಮುಗಿತೀನಿ, ಇವತ್ತು ಬಾಯಿಗೆ ಬೀಗ ಹಾಕ್ಕೊ. ನೀನು ಆ ಕಡೆ ನಿಂತಿರ್ತೀಯ. ಹೊಟ್ಟೆ ಬಿಚ್ಕೊಂಡು ಮಲಗಿರೋನು ನಾನು. ಆ ಮನುಷ್ಯಂಗೆ ಸಿಟ್ಟು ಬಂದು ಕೈ ಒಂದು ಚೂರು ಒರಟಾದ್ರೆ? ನಾಳೆ ನೋಡಣ ಅಂತ ಮುಂದೆ ಹೋಗ್ಬಿಟ್ರೆ? ಡ್ರೈವರ್ ಹತ್ರ ಜಗಳ ಆಡ್ಕೊಂಡು ಬಸ್ಸಲ್ಲಿ ಕೂರೋಕಾಗತ್ತಾ?"

ಅವಳು ಲೋಟವನ್ನು ಸ್ಟೂಲಿನ ಮೇಲಿಟ್ಟಳು. ಅವನ ಮಾತಿನಲ್ಲಿ ತಪ್ಪೇನೂ ಇರಲಿಲ್ಲ, ಅದೇ ಅವಳನ್ನು ಸುಟ್ಟದ್ದು. ಹೊಸದಾಗಿ ಮದುವೆಯಾದಾಗ ಅವನ ಬಸ್ಸಿನಲ್ಲಿ, ಅವನ ಸೀಟಿನ ಹಿಂದೆ ಕೂತು ಅವಳು ಎಷ್ಟೋ ಸಲ ಹೋಗಿದ್ದಳು. ದಾರಿಯಲ್ಲಿ ಒಂದು ತಿರುವಿನಲ್ಲಿ ತುಂಟ ಮಕ್ಕಳ ಗುಂಪೊಂದು ಇರುತ್ತಿತ್ತು. ಬಸ್ಸು ಕಂಡರೆ ಸಾಕು, ಹತ್ತುವವರ ಹಾಗೆ ಕೈ ಅಡ್ಡ ಹಾಕುವುದು, ಬಸ್ಸು ನಿಂತ ಕೂಡಲೇ ಹೋ ಎಂದು ಓಡುವುದು. ದಿನವೂ ಇದೇ ಆಟ, ದಿನವೂ ಇವನು ನಿಲ್ಲಿಸುವುದೇ. ಕಂಡಕ್ಟರು ಬೈಯುತ್ತಿದ್ದ, ಜನ ಬೈಯುತ್ತಿದ್ದರು, ಅವಳಿಗೂ ನಗು. ಒಮ್ಮೆ ಕೇಳಿದ್ದಳು, ಸುಳ್ಳು ಅಂತ ಗೊತ್ತಿದ್ದೂ ಯಾಕ್ರೀ ನಿಲ್ಲಿಸ್ತೀರಿ? ಕೈ ಕಂಡ್ರೆ ಕಾಲು ಬ್ರೇಕಿಗೆ ಹೋಗ್ಬೇಕು ಅಷ್ಟೆ, ಸುಳ್ಳು ಕೈನೋ ನಿಜದ ಕೈನೋ ಅಂತ ಯೋಚ್ನೆ ಮಾಡೋಕೆ ಕೂತ್ರೆ ನಿಜದ ಕೈ ಹಿಂದೆ ಹೋಗ್ಬಿಟ್ಟಿರತ್ತೆ, ಎಂದಿದ್ದ ಅವನು, ಕನ್ನಡಿಯಲ್ಲಿ ಅವಳನ್ನು ನೋಡುತ್ತ. ಆ ಮಾತನ್ನು ಈಗ ಅವನಿಗೇ ತಿರುಗಿಸಿ ಹೇಳಬಹುದಿತ್ತು. ಹೇಳಲಿಲ್ಲ. ಹೊಟ್ಟೆ ತೆರೆದು ಮಲಗಿದವನ ಜೊತೆ ವಾದ ಮಾಡಿ ಗೆಲ್ಲುವುದು ಎಂಥ ಗೆಲುವು. ಆದರೆ ಬಾಯಿಗೆ ಬೀಗ ಹಾಕುತ್ತೇನೆ ಎಂದೂ ಹೇಳಲಿಲ್ಲ.

ನಾದಿನಿ ಫ್ಲಾಸ್ಕು ಹಿಡಿದು ಬಂದಳು. ಅಣ್ಣನ ಹಣೆ ಮುಟ್ಟಿ, ಹೊದಿಕೆ ಸರಿಮಾಡಿ, ಅತ್ತಿಗೆಯನ್ನು ಕಿಟಕಿಯ ಕಡೆಗೆ ಎಳೆದಳು.

"ಏನತ್ತಿಗೆ, ಊರೆಲ್ಲ ಸುದ್ದಿ ಮಾಡಿದೀರಂತೆ? ಲಿಫ್ಟಿನೋನೂ ಕೇಳ್ದ ನನ್ನ, ಮೂಸಿದ್ರಂತಲ್ಲ ಅವರ ಕಡೆಯೋರಾ ನೀವು ಅಂತ."

"ಹೂಂ ಅನ್ನಬೇಕಿತ್ತು."

"ನಗ್ತೀರಾ? ಅವರು ಎಷ್ಟು ಓದಿದೋರು, ಅವರಿಗೆ ಕೈ ತೊಳೆಯೋದು ನೀವು ಹೇಳ್ಕೊಡ್ಬೇಕಾ? ಇವತ್ತು ಬಂದಾಗ ತಪ್ಪಾಯ್ತು ಅಂತ ಒಂದು ಮಾತು ಅಂದ್ಬಿಡಿ. ಒಂದೇ ಮಾತು. ಗಂಟೇನೂ ಹೋಗಲ್ಲ."

"ತಪ್ಪು ಏನು ಅಂತ ಹೇಳು, ಅಂತೀನಿ."

"ತೊಳೆದಿದ್ರಲ್ಲ ಅವರು!"

"ತೊಳೆದಿದ್ರು. ತೊಳೆದಿದಾರೆ ಅಂತ ಗೊತ್ತಾಗಿದ್ದು ಕೇಳಿದ್ ಮೇಲೆ ತಾನೆ?"

ನಾದಿನಿ ಹಣೆ ಹಣೆ ಬಡಿದುಕೊಂಡಳು. "ನಮ್ಮಣ್ಣ ಇಷ್ಟು ವರ್ಷ ನಿಮ್ಮ ಜೊತೆ ಹೇಗೆ ಬಾಳಿದನೋ." ಮೇಷ್ಟ್ರು ಪಕ್ಕದ ಹಾಸಿಗೆಯಿಂದ, ಕಣ್ಣು ಮುಚ್ಚಿಕೊಂಡೇ, "ಕೈ ತೊಳ್ಕೊಂಡು ಬಾಳಿದಾರೆ ಬಿಡಮ್ಮ" ಎಂದರು. ಮೇಷ್ಟ್ರಿಗೆ ನಿನ್ನೆ ಸಂಜೆಯಿಂದ ಸಣ್ಣಗೆ ಜ್ವರ. ಅವರ ಪಟ್ಟಿಯ ಅಂಚು ಒದ್ದೆಯಾಗಿತ್ತು. ಅವಳು ಅದನ್ನು ಬೆಳಿಗ್ಗೆಯೇ ನೋಡಿದ್ದಳು. ಆ ಒದ್ದೆಯ ಬಣ್ಣ ಅವಳಿಗೆ ಗುರುತು.

ಇಂಡಿಕೇಟರ್ ಸಿಸ್ಟರ್ ಬಂದು ಪಿಳಿಪಿಳಿ ಕಣ್ಣು ಬಿಡುತ್ತ ನಿಂತಳು. "ಅಮ್ಮ, ಮೇಡಂ ಕರೀತಿದಾರೆ. ಕೆಳಗಡೆ ಆಫೀಸಿಗೆ. ಬೇಜಾರ್ ಮಾಡ್ಕೋಬೇಡಿ, ನಾನೇನೂ ಹೇಳಿಲ್ಲ." ಬೇಜಾರು ಮಾಡಿಕೊಳ್ಳಬೇಡಿ ಎಂದು ಮೊದಲೇ ಹೇಳುವವರೆಲ್ಲ ಏನಾದರೂ ಗೊತ್ತಿದ್ದೇ ಹೇಳುತ್ತಾರೆ. ಅವಳು ಕೂದಲು ಸರಿಮಾಡಿಕೊಂಡಳು, ಬೇಡವೆನಿಸಿ ಮತ್ತೆ ಒಂದಿಷ್ಟು ಕೆದರಿಕೊಂಡಳು. ಚಪ್ಪಲಿಯ ಒಂದು ಪಟ್ಟಿ ಸಡಿಲವಾಗಿತ್ತು; ಮೆಟ್ಟಿಲಿಳಿಯುವಾಗ ಅದು ಟಪ್ ಟಪ್ ಎಂದು ಅವಳು ಬರುವ ಸುದ್ದಿಯನ್ನು ಮುಂದಾಗಿ ಹೇಳುತ್ತ ಹೋಯಿತು.

ಆಫೀಸಿನ ಬಾಗಿಲ ಮೇಲೆ ಅಪಾಯ ನಿರ್ವಹಣೆ ಎಂದು ಬರೆದಿತ್ತು. ಅವಳು ಅದನ್ನೂ ನಿಂತು ಓದಿದಳು. ನಿರ್ವಹಣೆ ಮಾಡಲು ಕರೆಸಿದ್ದಾರೆಂದರೆ ಅಪಾಯ ತಾನೇ ಇರಬೇಕು. ಒಳಗೆ ತಣ್ಣಗಿತ್ತು, ಗೋಡೆಗೆ ಪ್ರಶಸ್ತಿಪತ್ರಗಳ ಸಾಲು, ಮೂಲೆಯಲ್ಲಿ ಧೂಳು ಕೂತ ಪ್ಲಾಸ್ಟಿಕ್ ಗಿಡ. ಚೆಕಿಂಗ್ ಮೇಡಂ ಹತ್ತಿರದಿಂದ ನೋಡಿದರೆ ಚಿಕ್ಕ ವಯಸ್ಸಿನವಳೇ, ಮಗಳಿಗಿಂತ ನಾಲ್ಕು ವರ್ಷ ದೊಡ್ಡವಳಿರಬಹುದು, ಕಣ್ಣ ಕೆಳಗೆ ನಿದ್ದೆಗೆಟ್ಟ ಕಪ್ಪು. ಎದ್ದು ನಿಂತು ಕುರ್ಚಿ ತೋರಿಸಿದಳು. ಬೈಯುತ್ತಾಳೆಂದು ಗಟ್ಟಿಯಾಗಿ ಬಂದ ಅವಳಿಗೆ ಈ ಮರ್ಯಾದೆಯಿಂದ ಕಾಲ ಕೆಳಗಿನ ನೆಲ ಸರಿದಂತಾಯಿತು. ಬೈದಿದ್ದರೆ ಸುಲಭವಿತ್ತು.

"ಅಮ್ಮ, ನೀವು ಕೇಳಿದ್ದು ತಪ್ಪು ಅಂತ ನಾನು ಹೇಳ್ತಾ ಇಲ್ಲ."

"ಸರಿ."

"ಆದ್ರೆ ಕೇಳೋದಕ್ಕೂ ಒಂದು ರೀತಿ ಇರತ್ತಲ್ವಾ. ಎಲ್ರ ಮುಂದೆ, ರೌಂಡ್ಸಿನ ಮಧ್ಯ... ಹಿರಿಯರು ಅವರು. ಸಲಹೆ ಇದ್ರೆ ರಿಸೆಪ್ಶನ್ ಹತ್ರ ಒಂದು ಪೆಟ್ಟಿಗೆ ಇಟ್ಟಿದೀವಿ. ಬರೆದು ಹಾಕ್ಬಹುದು."

"ಬರೆದು ಹಾಕಿದ್ರೆ ಯಾವಾಗ ನೋಡ್ತೀರಿ?"

"ತಿಂಗಳ ಕೊನೇಲಿ."

"ಅಷ್ಟರಲ್ಲಿ ಮುಟ್ಟಿ ಆಗಿರತ್ತಲ್ಲಮ್ಮ."

ಮೇಡಂ ಪೆನ್ನನ್ನು ಮುಚ್ಚಿದಳು, ತೆರೆದಳು. "ಇವತ್ತಿಂದ ಕೇಳಲ್ಲ ಅಂತ ಒಂದು ಮಾತು ಕೊಡಿ. ನಾನು ಸಾರ್‌ಗೆ ಹೇಳ್ತೀನಿ, ಇಲ್ಲಿಗೆ ಮುಗೀತು. ಅವರು ನಿಮ್ಮನ್ನ ಬೆಳಿಗ್ಗೆ ಹೊತ್ತು ವಾರ್ಡಲ್ಲಿ ಇಟ್ಕೋಬೇಡಿ ಅಂತಿದಾರೆ. ಪಾಸು ಬೇರೆಯವರ ಹೆಸರಿಗೆ ಮಾಡಿ ಅಂತಿದಾರೆ. ನಂಗೆ ಅದು ಇಷ್ಟ ಇಲ್ಲ."

ಪಾಸು ಅವಳ ಕೊರಳಲ್ಲಿ ದಾರಕ್ಕೆ ತೂಗುತ್ತಿತ್ತು. ಅದನ್ನು ಹಿಡಿದುಕೊಂಡಳು. ಇದೊಂದು ರಟ್ಟಿನ ತುಂಡು ಇಲ್ಲದಿದ್ದರೆ ಗೇಟಿನ ಹೊರಗೆ, ಬಸ್‌ಸ್ಟಾಪಿನ ಕಲ್ಲಿನ ಮೇಲೆ ಕೂತು ಮೂರನೇ ಮಹಡಿಯ ಕಿಟಕಿ ಎಣಿಸಬೇಕು. ಒಳಗೆ ಯಾರ ಕೈ ಎಲ್ಲಿಂದ ಎಲ್ಲಿಗೆ ಹೋಯಿತೋ ತಿಳಿಯುವುದಿಲ್ಲ. ಒಂದು ಮಾತು. ಗಂಟೇನೂ ಹೋಗಲ್ಲ. ನಾಲಿಗೆಯ ತುದಿಗೆ ಬಂದ ಆ ಮಾತು ಬಿಸಿತುಪ್ಪವಾಯಿತು, ನುಂಗುವಂತಿಲ್ಲ, ಉಗುಳುವಂತಿಲ್ಲ.

"ಆ ಬೋರ್ಡು ಯಾರು ಬರೆಸಿದ್ದು?" ಎಂದಳು.

ಮೇಡಂ ಮುಖ ಕೆಂಪಾಯಿತು. "ನಾನೇ."

"ಮತ್ತೆ?"

"ಯಾರಾದ್ರೂ ನಿಜವಾಗ್ಲೂ ಕೇಳ್ತಾರೆ ಅಂತ..." ಅರ್ಧಕ್ಕೇ ನಿಲ್ಲಿಸಿದಳು. ಪ್ಲಾಸ್ಟಿಕ್ ಗಿಡವನ್ನು ನೋಡಿದಳು. "ಹಾಕಿದಾಗಿಂದ ಒಬ್ರೂ ಕೇಳಿರ್ಲಿಲ್ಲ ಅಮ್ಮ."

ಅವಳು ಎದ್ದಳು. "ಕೇಳ್ಬಾರ್ದು ಅಂದ್ರೆ ಅದನ್ನ ತೆಗೆದುಬಿಡಿ ಮಗಳೇ. ಇರೋವರೆಗೂ ಕೇಳ್ತೀನಿ. ತೊಳೆದಿದ್ರೆ ತೊಳೆದಿದೀನಿ ಅಂತಾರೆ, ಒಂದು ಉಸಿರಿನ ಮಾತು. ಇಷ್ಟಕ್ಕೆ ಅವರ ಮರ್ಯಾದೆ ಹೋಗೋದಾದ್ರೆ ಆ ಮರ್ಯಾದೆಗೇ ಏನೋ ಕಾಯಿಲೆ ಇದೆ." ಬಾಗಿಲನ್ನು ತಳ್ಳಿದಳು, ಅದು ಎಳೆಯುವ ಬಾಗಿಲು, ಎರಡು ಸಲ ತಳ್ಳಿದ ಮೇಲೆ ಗೊತ್ತಾಯಿತು. ಗೆದ್ದು ಹೊರಡುವವರಿಗೆ ಬಾಗಿಲಾದರೂ ಸರಿಯಾಗಿ ತೆರೆಯಬಾರದೇ.

ಮೆಟ್ಟಿಲಿನ ತಿರುವಿನಲ್ಲಿ ಉಸಿರು ತೆಗೆದುಕೊಳ್ಳಲು ನಿಂತಳು. ನಿಂತದ್ದು ಆಸ್ಪತ್ರೆಯ ಮೆಟ್ಟಿಲಲ್ಲಲ್ಲ, ಕಾರ್ಖಾನೆಯ ಹೊಲಿಗೆ ಸಾಲಿನಲ್ಲಿ. ಮಷೀನುಗಳ ಗುಂಯ್ ಎನ್ನುವ ಸದ್ದು ಕಿವಿಯಲ್ಲಿ. ಅಲ್ಲಿ ಸೂಜಿ ಮುರಿದರೆ ಮುರಿದ ಚೂರುಗಳನ್ನೆಲ್ಲ ಹುಡುಕಿ ಒಟ್ಟಿಗೆ ತೋರಿಸಿದರೆ ಮಾತ್ರ ಹೊಸ ಸೂಜಿ. ಹೊಲಿಯುತ್ತಿದ್ದುದು ಎಳೆ ಮಕ್ಕಳ ಅಂಗಿ, ತುದಿ ಎಲ್ಲಾದರೂ ಕಾಲರಿನೊಳಗೆ ಉಳಿದರೆ? ಅದಕ್ಕೇ ಆ ನಿಯಮ. ಆದರೆ ಹುಡುಕುತ್ತ ಕೂತರೆ ಕೆಲಸ ಸಾಗುವುದಿಲ್ಲವಲ್ಲ. ಪಕ್ಕದ ಮಷೀನಿನ ಗೆಳತಿ ಬೆಂಕಿಪೊಟ್ಟಣದಲ್ಲಿ ಹಳೆಯ ಸೂಜಿತುದಿಗಳನ್ನು ಕೂಡಿಟ್ಟಿದ್ದಳು. ತುದಿ ಸಿಗದಿದ್ದರೆ ಪೊಟ್ಟಣದಿಂದ ಒಂದು ತೆಗೆದು ಜೋಡಿಸಿ ಕೊಟ್ಟರಾಯಿತು, ಮೇಸ್ತ್ರಿಗೂ ಗೊತ್ತು, ಎಲ್ಲರಿಗೂ ಗೊತ್ತು. ಅವಳ ಸೂಜಿ ಮುರಿದ ದಿನ ಗೆಳತಿ ಮೇಜಿನ ಕೆಳಗೇ ಪೊಟ್ಟಣ ಚಾಚಿದಳು. ಅವಳು ತೆಗೆದುಕೊಳ್ಳಲಿಲ್ಲ. ಎದ್ದು ನಿಂತು ಸಾಲನ್ನು ನಿಲ್ಲಿಸಿದಳು. ಕಟ್ಟಿಟ್ಟ ಅಂಗಿಗಳನ್ನೆಲ್ಲ ಬಿಚ್ಚಿ, ಒಂದೊಂದು ಕಾಲರನ್ನೂ ಬೆರಳಲ್ಲಿ ತಡವಿ, ಎಲ್ಲರ ಮನೆಯ ಬಸ್ಸು ತಪ್ಪಿ, ಎಲ್ಲರ ಬಾಯಲ್ಲೂ ಬೈಸಿಕೊಂಡ ಮೇಲೆ ಆ ತುದಿ ಸಿಕ್ಕಿದ್ದು ಅವಳದೇ ತೋಳಿನ ಮಡಿಕೆಯಲ್ಲಿ. ಎಲ್ಲೂ ಹೋಗಿರಲಿಲ್ಲ, ಅವಳ ಮೈಮೇಲೇ ಕೂತಿತ್ತು. ಆ ದಿನವೂ ಎಲ್ಲರೂ ನಕ್ಕಿದ್ದರು. ನಗುವಿನ ಸದ್ದು ಬೇರೆ ಬೇರೆ ಕಟ್ಟಡದಲ್ಲೂ ಒಂದೇ ಆಗಿರುವುದು ಹೇಗೆ? ತಾನು ಸುಳ್ಳು ಗುಲ್ಲು ಎಬ್ಬಿಸಲೆಂದೇ ಹುಟ್ಟಿದವಳೋ ಏನೋ. ಅಂಗಿಯಲ್ಲಿ ತುದಿ ಇರಲಿಲ್ಲ, ಕೈ ಕೊಳಕಾಗಿರಲಿಲ್ಲ. ಇರಲಿ. ಇರಲಿಲ್ಲ ಎಂದು ತಿಳಿದ ಮೇಲೆ ಕಳಿಸಿದ ಆ ಅಂಗಿಗಳನ್ನು ಹಾಕಿಕೊಂಡ ಮಕ್ಕಳ ಕೊರಳು ಅವಳಿಗೆ ಕಾಣುತ್ತಿತ್ತು, ಎಳಸು ಕೊರಳು, ಬೆವರಿದ ಕೊರಳು. ಬೆಂಕಿಪೊಟ್ಟಣದಿಂದ ದಾಟಿಹೋದ ಅಂಗಿಗಳ ಕೊರಳು ಯಾರಿಗೆ ಕಂಡಿತ್ತು? ಅವಳು ಚಪ್ಪಲಿಯ ಪಟ್ಟಿ ಬಿಗಿಮಾಡಿಕೊಂಡು ಹತ್ತಿದಳು.

ವಾರ್ಡಿಗೆ ಬಂದರೆ ಗೋಡೆ ಬೋಳಾಗಿತ್ತು. ಅಷ್ಟು ಬೇಗ! ಅವಳು ಮೆಟ್ಟಿಲಲ್ಲಿ ಉಸಿರು ಬಿಡುವಷ್ಟರಲ್ಲಿ ಯಾರೋ ಲಿಫ್ಟಿನಲ್ಲಿ ಬಂದು ತೆಗೆದುಕೊಂಡು ಹೋಗಿದ್ದರು. ಬೋರ್ಡು ಇದ್ದ ಕಡೆ ಉಳಿದ ಗೋಡೆಗಿಂತ ಬೆಳ್ಳಗಿನ ಒಂದು ಚೌಕ, ನಾಲ್ಕು ಮೂಲೆಗೆ ನಾಲ್ಕು ಮೊಳೆಯ ತೂತು. ಗಂಡ ಕತ್ತು ಹಿಂದಕ್ಕೆ ಚಾಚಿ ಅದನ್ನೇ ನೋಡುತ್ತ ಮಲಗಿದ್ದ. "ಮುಗೀತಲ್ಲ" ಎಂದ, ಸಮಾಧಾನದಿಂದಲೋ ಬೇಸರದಿಂದಲೋ ತಿಳಿಯಲಿಲ್ಲ. ಇರೋವರೆಗೂ ಕೇಳ್ತೀನಿ ಎಂದು ತಾನೇ ಹೇಳಿ ಬಂದಿದ್ದಳು; ಆ ಹುಡುಗಿ ಅದೇ ಮಾತನ್ನು ಹಿಡಿದುಕೊಂಡಿದ್ದಾಳೆ. ಜಾಣೆ. ಬೆಳ್ಳಗಿನ ಚೌಕದ ಕೆಳಗೆ ಅವಳು ಏನೂ ಇಲ್ಲದವಳಾಗಿ ನಿಂತಳು. ನಿನ್ನೆ ಕೇಳಿದ್ದು ಗೋಡೆ, ಅವಳ ಬಾಯಿಂದ. ಇವತ್ತು ಕೇಳಬೇಕಾದರೆ ಅವಳೇ ಕೇಳಬೇಕು.

ಎಕ್ಸ್‌ಪ್ರೆಸ್ ಬಂತು. ಹಿಂದೆ ಕಿರಿಯ ಡಾಕ್ಟರುಗಳು, ಸಿಸ್ಟರು. ಆನೆ ನಡೆದದ್ದೇ ದಾರಿ ಎನ್ನುವಂತೆ ಸ್ಟೂಲುಗಳು, ಚಪ್ಪಲಿಗಳು, ಅಟೆಂಡರುಗಳು ಬದಿಗೆ ಸರಿದರು. ಡಾಕ್ಟರು ಮೇಷ್ಟ್ರ ಹಾಸಿಗೆಯ ಬಳಿ ನಿಂತರು. ಅವರ ಒದ್ದೆ ಪಟ್ಟಿ ಎತ್ತಿ ನೋಡಿದರು, ಬೆರಳಿಂದ ಅಂಚು ಒತ್ತಿದರು, ಏನೋ ಹೇಳಿದರು, ಕಿರಿಯವನು ಬರೆದುಕೊಂಡ. ಜೇಬಿನ ಫೋನು ರಿಂಗಾಯಿತು, ತೆಗೆದು ಮಾತಾಡಿದರು, ಮತ್ತೆ ಜೇಬಿಗೆ ಹಾಕಿದರು. ಮಾತಿನ ಮಧ್ಯೆ ಬಾಗಿಲ ಕಡೆಗೆ ಒಂದು ಸಲ ಹೋಗಿ ಬಂದರೇ? ಕಂಬದ ಮರೆ, ಸರಿಯಾಗಿ ಕಾಣಲಿಲ್ಲ. ತೊಳೆದಿರಲೂಬಹುದು. ನಿನ್ನೆಯೂ ತೊಳೆದಿದ್ದರಲ್ಲ. ತೊಳೆದವರನ್ನು ಎರಡು ದಿನ ಸಾಲಾಗಿ ಕೇಳಿದವಳು ಎಂದರೆ ಆಮೇಲೆ ಈ ವಾರ್ಡಿನಲ್ಲಿ ತಲೆ ಎತ್ತುವ ಹಾಗಿಲ್ಲ. ನಾದಿನಿಯ ಬೆರಳು ಅವಳ ಮೊಣಕೈಯನ್ನು ಚಿವುಟುತ್ತಿತ್ತು, ಹೇಳಿ, ಈಗಲೇ ಹೇಳಿ, ತಪ್ಪಾಯ್ತು ಅಂತ. ಗಂಡನ ಕಣ್ಣು ಬೇಡುತ್ತಿತ್ತು. ಡಾಕ್ಟರು ಬಂದು, ಹೊದಿಕೆ ಸರಿಸಿ, ಪಟ್ಟಿಯ ಮೂಲೆಗೆ ಉಗುರು ಹಾಕುವವರಿದ್ದರು.

"ಡಾಕ್ಟ್ರೇ, ಕೈ ತೊಳೆದಿರಾ?"

ಈ ಸಲ ಯಾರೂ ನಗಲಿಲ್ಲ. ಡಾಕ್ಟರು ಬೋಳು ಗೋಡೆಯನ್ನು ನೋಡಿ, ಅವಳನ್ನು ನೋಡಿದರು. "ಬೋರ್ಡು ತೆಗೆದಾಯ್ತಲ್ಲಮ್ಮ?"

"ಹೊಟ್ಟೆ ಇನ್ನೂ ಇಲ್ಲೇ ಇದೆಯಲ್ಲ."

ಮಂಚದ ಕಾಲ ಬಳಿ ಕೈಗೆ ಹಾಕಿಕೊಳ್ಳುವ ಮದ್ದಿನ ಬಾಟಲಿ ತೂಗುಹಾಕಿತ್ತು. ಡಾಕ್ಟರು ಅದನ್ನು ಒತ್ತಿದರು. ಪುಸ್ ಎಂದಿತು. ಮತ್ತೆ ಒತ್ತಿದರು, ಪುಸ್, ಬರೀ ಗಾಳಿ. ಸಿಸ್ಟರು ಕಣ್ಣು ಪಿಳಿಪಿಳಿ ಮಾಡಿ, "ಸ್ಟಾಕು ಬಂದಿಲ್ಲ ಸಾರ್, ನಿನ್ನೆ ಸಂಜೆಯಿಂದ" ಎಂದಳು, ನೆಲಕ್ಕೆ ಹೇಳುವ ಹಾಗೆ. ಡಾಕ್ಟರ ದವಡೆ ಒಮ್ಮೆ ಬಿಗಿಯಿತು. "ಇವರದ್ದು ಆಮೇಲೆ ನೋಡಣ" ಎಂದು ಹೊದಿಕೆ ಮುಚ್ಚಿ ಮುಂದಿನ ಹಾಸಿಗೆಗೆ ಹೊರಟೇಬಿಟ್ಟರು. ಅವರ ಹಿಂದೆ ಅಷ್ಟೂ ಜನ ಹೊರಟರು. ಗಂಡ ಭಯಪಟ್ಟದ್ದು ಅಕ್ಷರಕ್ಕೆ ಅಕ್ಷರ ನಿಜವಾಗಿತ್ತು. ಬಸ್ಸು ನಿಲ್ಲದೆ ಹೋಗಿತ್ತು. ನಾದಿನಿ ಬಾಯಿಗೆ ಕೈ ಅಡ್ಡ ಇಟ್ಟು ಅಳಲು ಶುರುಮಾಡಿದಳು. ಅವಳಿಗೆ ಅಳು ಬರಲಿಲ್ಲ. ಅವಳು ಹೋಗಿ ಎರಡು ಸಾಲು ಮಂಚಗಳ ನಡುವಿನ ದಾರಿಯಲ್ಲಿ ನಿಂತಳು, ರೌಂಡ್ಸು ವಾಪಸು ಬರಬೇಕಾದ ದಾರಿ ಅದೊಂದೇ. ಪಾಸಿನ ದಾರವನ್ನು ಮುಷ್ಟಿಯಲ್ಲಿ ಸುತ್ತಿಕೊಂಡಿದ್ದಳು. ಕೈ ಅಡ್ಡ ಹಾಕಲಿಲ್ಲ, ಸುಮ್ಮನೆ ನಿಂತಳು. ಕಸ ಗುಡಿಸುವವಳು ಬಂದು ಸೋಪಮ್ಮ ಎನ್ನದೆ ಅವಳ ಸುತ್ತ ಗುಡಿಸಿಕೊಂಡು ಹೋದಳು.

ಕೊನೆಯ ಹಾಸಿಗೆ ಮುಗಿದ ಮೇಲೆ ಡಾಕ್ಟರು ತಿರುಗಿದರು. ಅವಳನ್ನು ನೋಡಿದರು. ವಾರ್ಡಿನ ಆ ತುದಿಗೆ, ಶೌಚಾಲಯದ ಪಕ್ಕ, ಒಂದು ನಲ್ಲಿ ಇತ್ತು. ಅಲ್ಲಿಗೆ ಹೋಗಿ ತೋಳು ಮಡಚಿದರು. ನೀರಿನ ಸದ್ದು ಬಹಳ ಹೊತ್ತು ಬಂತು. ಅವರು ಎರಡೂ ಕೈಯನ್ನು ಎದೆಯೆತ್ತರಕ್ಕೆ ಹಿಡಿದು, ಮೊಣಕೈಯಿಂದ ನೀರು ತೊಟ್ಟಿಕ್ಕಿಸುತ್ತ, ಅಷ್ಟೂ ಮಂಚಗಳ ನಡುವೆ ಒಬ್ಬರೇ ನಡೆದು ಬಂದರು. ಅವಳು ದಾರಿ ಬಿಟ್ಟಳು. ಪಟ್ಟಿ ಬಿಚ್ಚಿ, ಬಗ್ಗಿ, ತುಂಬಾ ಹೊತ್ತು ಗಾಯ ನೋಡಿದರು. ಅಷ್ಟು ಹತ್ತಿರದಿಂದ ಅವರ ಕಿವಿಯ ಮೇಲಿನ ನರೆಗೂದಲು, ಅಂಗಿಯ ಕಾಲರಿನ ಬೆವರು ಕಂಡಿತು.

"ಹೇಗಿದೆ ಡಾಕ್ಟ್ರೇ?"

"ಇವತ್ತಿಗೆ ಚೆನ್ನಾಗಿದೆ. ನಾಳೇದು ನಾಳೆ." ಹೊಸ ಪಟ್ಟಿಯನ್ನು ಅವರೇ ಕಟ್ಟಿದರು. ಹೋಗುವ ಮುಂಚೆ, ಯಾರಿಗೂ ಅಲ್ಲದ ಹಾಗೆ, ತಗ್ಗಿದ ದನಿಯಲ್ಲಿ ಹೇಳಿದರು: "ನಿನ್ನೆ ತೊಳೆದಿದ್ದೆ. ಇವತ್ತು ನಿಜವಾಗ್ಲೂ ನೆನಪಿಲ್ಲ."

ಪಾಸನ್ನು ಮಾತ್ರ ಆಫೀಸಿನವರು ತೆಗೆದುಕೊಂಡರು. ಅದು ಹೋಗುತ್ತದೆಂದು ಅವಳಿಗೆ ಗೊತ್ತಿತ್ತು. ಮಧ್ಯಾಹ್ನ ಕೆಳಗಿನ ಕಿಟಕಿಯಲ್ಲಿ ಹೊಸ ಪಾಸು ನಾದಿನಿಯ ಹೆಸರಿಗಾಯಿತು. ಅವಳಿಗೆ ಸಂಜೆ ಬಂದುಹೋಗುವವರ ಗಂಟೆ ಮಾತ್ರ. ಮನೆಗೆ ಹೋಗಿ, ಬಟ್ಟೆ ಕುದಿಸಿ, ಬಸ್ಸು ಹಿಡಿದು, ನಿಂತುಕೊಂಡೇ ಬಂದು, ಸಂಜೆ ಬಾಗಿಲು ತೆರೆದಾಗ ಮೊದಲು ಒಳಗೆ ನುಗ್ಗಿದವಳು ಅವಳೇ. ಮೇಷ್ಟ್ರು ನಿದ್ದೆ ಹೋಗಿದ್ದರು, ಅವರಿಗೆ ಹೊಸ ಡ್ರಿಪ್ಪು ಹಾಕಿದ್ದರು. ಮಂಚದ ಕಾಲ ಬಳಿಯ ಕೈಮದ್ದಿನ ಬಾಟಲಿ ಇನ್ನೂ ಖಾಲಿಯೇ.

"ನಾಳೆ ಬೆಳಿಗ್ಗೆ ನೀನು ಕೇಳ್ತೀಯಾ?" ಎಂದಳು ನಾದಿನಿಗೆ.

"ನಂಗೇನು ಹುಚ್ಚಾ ಅತ್ತಿಗೆ? ನಂಗೆ ಅವರ ಮುಖ ನೋಡಿದ್ರೆ ನನ್ನ ಹೆಸರೇ ಮರೆತುಹೋಗತ್ತೆ."

"ನೀನು ಬಿಡೇ, ನಾನು ಕೇಳ್ತೀನಿ" ಎಂದ ಗಂಡ.

ಇಬ್ಬರೂ ತಿರುಗಿದರು. ಅವನು ಅಂಗಾತ ಮಲಗಿ ಸೂರು ನೋಡುತ್ತಿದ್ದ. "ಏನು ಹಂಗೆ ನೋಡ್ತೀರಾ? ನನ್ನ ಹೊಟ್ಟೆ. ಎಕ್ಸ್‌ಪ್ರೆಸ್ಸನ್ನೇ ನಿಲ್ಲಿಸಿದಾಳೆ ನನ್ನ ಹೆಂಡ್ತಿ, ನಂಗೆ ಹಾರನ್ನಾದ್ರೂ ಹೊಡೆಯೋಕೆ ಬರಲ್ವಾ?"

"ಎಲ್ಲಿ, ಹೇಳಿ ನೋಡಣ."

"ಕೈ... ಸಾರ್, ತಾವು ದಯವಿಟ್ಟು ಬೇಜಾರಿಲ್ಲ ಅಂದ್ರೆ ಕೈ..."

"ಅಷ್ಟು ಹೊತ್ತಿಗೆ ಪಟ್ಟಿ ಬಿಚ್ಚಿ ಕಟ್ಟಿ ಮನೆಗೆ ಹೋಗಿರ್ತಾರೆ. ಸಾರ್ ಬೇಡ."

"ಸಾರ್ ಇಲ್ದೆ ಬಾಯಿ ಬರಲ್ಲ ಕಣೇ. ಇಷ್ಟು ವರ್ಷ ಡಿಪೋದಲ್ಲಿ ಸಾರ್ ಅಂದ ಬಾಯಿ."

"ಹಾಗಾದ್ರೆ ಕೊನೇಲಿ ಇಟ್ಕೊಳ್ಳಿ. ತಡೀರಿ, ನಾನು ಡಾಕ್ಟ್ರು ಆಗಿ ಬರ್ತೀನಿ." ನಾದಿನಿ ಅಯ್ಯೋ ಎಂದಳು. ಅವಳು ಬಾಗಿಲವರೆಗೆ ಹೋಗಿ, ಕೈ ಹಿಂದೆ ಕಟ್ಟಿ, ಗಲ್ಲ ಎತ್ತಿ, ಯಾರನ್ನೂ ನೋಡದೆ ದೊಡ್ಡ ಹೆಜ್ಜೆ ಹಾಕುತ್ತ ಬಂದಳು. ಒಂದೆರಡು ಹಾಸಿಗೆಯವರು ತಲೆಯೆತ್ತಿ ನೋಡಿ ನಕ್ಕರು. ಬಂದವಳೇ ಹೊದಿಕೆ ಸರಿಸಿ, ಪಟ್ಟಿಯ ಮೂಲೆಗೆ ಕೈ ಚಾಚಿದಳು.

"ಕೈ ತೊಳೆದ್ಯಾ?"

ಬಸ್ಸಿನ ಕೊನೆಯ ಸೀಟಿಗೂ ಕೇಳಿಸುವ ಅವನ ಹಳೆಯ ದನಿ ಅದು. ಎಷ್ಟೋ ವಾರದಿಂದ ಅವಳು ಕೇಳಿರಲಿಲ್ಲ. ಖುಷಿಯಿಂದ ನಗಲು ಬಾಯಿ ತೆರೆದವಳು ಅವನ ಕಣ್ಣನ್ನು ನೋಡಿದಳು. ಅವನು ಆಟ ಆಡುತ್ತಿರಲಿಲ್ಲ. ಅವಳ ಕೈಯನ್ನೇ ನೋಡುತ್ತಿದ್ದ. ಅವಳು ಬಸ್ಸಿನ ಕಂಬಿ ಹಿಡಿದು ಬಂದಿದ್ದಳು, ಲಿಫ್ಟಿನ ಗುಂಡಿ ಒತ್ತಿದ್ದಳು, ಬಾಗಿಲು ತಳ್ಳಿದ್ದಳು. ಬಿಸಿ ಏನೋ ಒಂದು ಎದೆಯಿಂದ ಎದ್ದು ಕೆನ್ನೆಗೆ ಬಡಿಯಿತು. ನನ್ನನ್ನೇ? ನಿಮಗಾಗಿ ಹೊತ್ತಾರೆಯಿಂದ ಒದ್ದಾಡಿದ ನನ್ನನ್ನೇ? ನಾದಿನಿಯ ಎದುರಿಗೆ, ಇಷ್ಟು ಜನರ ಎದುರಿಗೆ? ಬೇಕಾದರೆ ಮೂಸಿ ನೋಡಿ ಎನ್ನುವ ಮಾತು ತುಟಿಗೇ ಬಂತು. ಅಲ್ಲೇ ತಡೆದಳು. ಹೀಗಿರುತ್ತದೆಯೇ ಇದು. ಇಷ್ಟು ಉರಿಯುತ್ತದೆಯೇ.

ಉರಿಯಲಿ.

"ಇಲ್ಲ ರೀ, ತೊಳೆದಿಲ್ಲ" ಎಂದಳು ಗಟ್ಟಿಯಾಗಿ, ಎಲ್ಲರಿಗೂ ಕೇಳುವ ಹಾಗೆ. ತಿರುಗಿ ವಾರ್ಡಿನ ಆ ತುದಿಯ ನಲ್ಲಿಯ ಕಡೆಗೆ ನಡೆದಳು. ಮತ್ತೆ ಸಡಿಲವಾದ ಚಪ್ಪಲಿ ಟಪ್ ಟಪ್ ಎಂದಿತು. ಎರಡೂ ಸಾಲಿನ ಮಂಚಗಳಿಂದ ಕಣ್ಣುಗಳು ಅವಳ ಜೊತೆ ಬಂದವು, ಬರಲಿ ಎಂದು ಬಿಟ್ಟಳು. ನೀರು ತಣ್ಣಗಿತ್ತು. ಬೆರಳ ಸಂದು, ಉಗುರ ಬುಡ, ಮಣಿಕಟ್ಟು, ಅಂಗಿಯ ಕಾಲರು ತಡವಿದಷ್ಟು ನಿಧಾನವಾಗಿ ತೊಳೆದಳು. ಆಮೇಲೆ ಒದ್ದೆ ಕೈಗಳನ್ನು ಎದೆಯೆತ್ತರಕ್ಕೆ ಹಿಡಿದು, ನೀರು ತೊಟ್ಟಿಕ್ಕುತ್ತಿರಲು, ತಲೆ ತಗ್ಗಿಸದೆ, ಅಷ್ಟೂ ಮಂಚಗಳ ನಡುವೆ ವಾಪಸು ಬಂದಳು.